ಆರು ಬಣ್ಣದ ಟೊಪ್ಪಿಗೆಯ ಸರ್

ಕಳೆದ ತಿಂಗಳ ಎರಡನೆಯ ಶನಿವಾರ ಬೆಳಿಗ್ಗೆ, ಎಲ್ಲರೂ ಸರ್ ಎಂದೇ ಕರೆಯುತ್ತಿದ್ದ ಅವರು ರಾಣೆಬೆನ್ನೂರಿನ ತಮ್ಮ ಮನೆಯಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಹಿಂದಿನ ದಿನ ಬ್ಯಾಡಗಿಯಲ್ಲಿ ಒಂದು ಕಾರ್ಯಾಗಾರ ಮುಗಿಸಿ ಬಂದಿದ್ದರು. ಮುಂದಿನ ವಾರ ಅವರ ಶಿಷ್ಯರು ಊರಿನ ಒಂದು ಸಭಾಭವನದಲ್ಲಿ ಶ್ರದ್ಧಾಂಜಲಿ ಸಭೆ ಏರ್ಪಡಿಸಿದರು. ವೇದಿಕೆಯ ಮೇಲೆ ಅವರ ಫೋಟೊ ಇತ್ತು, ಅದಕ್ಕೆ ಹಾವೇರಿಯಿಂದ ತರಿಸಿದ ಏಲಕ್ಕಿ ಹಾರ. ಪಕ್ಕದ ಗೋಡೆಗೆ ದೊಡ್ಡದೊಂದು ಬಿಳಿ ಹಾಳೆ ಅಂಟಿಸಿದ್ದರು. ಹಾಳೆಯ ನಡುವೆ ವೃತ್ತ, ವೃತ್ತದೊಳಗೆ ಅವರ ಹೆಸರು, ಅಲ್ಲಿಂದ ಸುತ್ತಲೂ ಚಾಚಿದ ಬಣ್ಣಬಣ್ಣದ ಕೊಂಬೆಗಳು: ಗುರು, ಗೆಳೆಯ, ಚಿಂತಕ, ಮಾರ್ಗದರ್ಶಿ. ಬಂದವರಿಗೆಲ್ಲ ಒಂದೊಂದು ಅಂಟುಚೀಟಿ ಕೊಟ್ಟು, ಅಗಲಿದವರ ಬಗ್ಗೆ ಒಂದು ಮಾತು ಬರೆದು ಸರಿಯಾದ ಕೊಂಬೆಗೆ ಹಚ್ಚಬೇಕೆಂದು ಹೇಳಿದರು.

ನನ್ನ ಪಕ್ಕದಲ್ಲಿ ಅವರ ದೂರದ ಸಂಬಂಧಿ, ವಯಸ್ಸಾದವರೊಬ್ಬರು ಕುಳಿತಿದ್ದರು. ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ನನ್ನ ಕಡೆ ವಾಲಿದರು. “ಇದನ್ನ ಹಚ್ಚಿದ ಮ್ಯಾಲ ಊಟೇನ್ರಿ?”

ನಾನು ನನ್ನ ಚೀಟಿಯನ್ನು ಬರೆಯದೆ ಜೇಬಿಗಿಟ್ಟುಕೊಂಡು ಬಂದೆ. ನಾನು ಹೇಳಬೇಕಾದದ್ದಕ್ಕೆ ಆ ಹಾಳೆಯಲ್ಲಿ ಕೊಂಬೆ ಇರಲಿಲ್ಲ.

ಸತ್ತವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕೆಂಬ ರೂಢಿ ನನಗೆ ಗೊತ್ತು. ಪತ್ರಿಕೆಯ ಜಿಲ್ಲಾ ವರದಿಗಾರನಾಗಿದ್ದಾಗ ನಿಧನವಾರ್ತೆಗಳನ್ನು ಸಾಕಷ್ಟು ಬರೆದಿದ್ದೇನೆ. ‘ಅಪಾರ ಬಂಧುಬಳಗವನ್ನು ಅಗಲಿದ್ದಾರೆ’ ಎಂಬ ಸಾಲನ್ನು ಕೈ ತಾನಾಗಿಯೇ ಬರೆಯುತ್ತದೆ. ಇವರ ವಿಷಯದಲ್ಲಿ ಮೊದಲು ಹೇಳಬೇಕಾದದ್ದನ್ನು ಹೇಳಿಬಿಡುತ್ತೇನೆ. ಅವರು ದುಷ್ಟರಲ್ಲ. ಯಾರನ್ನೂ ಗದರಿಸಿದ್ದನ್ನು ನಾನು ನೋಡಿಲ್ಲ. ಅಕ್ಷರ ಮುತ್ತಿನ ಹಾಗಿತ್ತು. ಕಾರ್ಯಾಗಾರದಲ್ಲಿ ಊಟ ಚೆನ್ನಾಗಿರಬೇಕೆಂದು ಸಂಘಟಕರಿಗೆ ತಾವೇ ಫೋನು ಮಾಡಿ ಹೇಳುತ್ತಿದ್ದರು. ಆದರೂ ಅವರ ಬಗ್ಗೆ ನನ್ನಲ್ಲಿ ಉಳಿದಿರುವುದು ತಿರಸ್ಕಾರ. ಅದಕ್ಕೆ ಕಾರಣ ಒಂದು ಬಸ್ಸು.

ಅವರು ರಾಣೆಬೆನ್ನೂರಿನ ಕಾಲೇಜೊಂದರಲ್ಲಿ ಕಾಮರ್ಸ್ ಕಲಿಸುತ್ತಿದ್ದರು. ಯಾವುದೋ ದೊಡ್ಡ ಊರಿನಲ್ಲಿ ಕೆಲವು ದಿನಗಳ ತರಬೇತಿಗೆ ಹೋದವರು ಅಲ್ಲಿಂದ ಹೊಸ ಮನುಷ್ಯನಾಗಿ ಮರಳಿದರು. ಸಮಸ್ಯೆಯನ್ನು ಚಿತ್ರವಾಗಿ ಬರೆದು ಬಿಡಿಸುವ ವಿದ್ಯೆ ಕಲಿತು ಬಂದಿದ್ದರು. ನಡುವೆ ವಿಷಯ ಬರೆದು ಸುತ್ತ ಕೊಂಬೆ ಎಳೆಯುವ ಮೈಂಡ್ ಮ್ಯಾಪ್, ಬೆನ್ನೆಲುಬಿನಂಥ ಗೆರೆಗೆ ಕಾರಣಗಳನ್ನು ಜೋಡಿಸುವ ಮೀನಿನ ಮುಳ್ಳು, ‘ಯಾಕೆ’ ಎಂದು ಐದು ಸಲ ಕೇಳಿ ಮೂಲಕ್ಕೆ ಇಳಿಯುವ ಪದ್ಧತಿ. ಎಲ್ಲಕ್ಕಿಂತ ಮುಖ್ಯವಾಗಿ, ತೊಟ್ಟವರಿಗೆ ಒಂದೊಂದು ಬಗೆಯ ವಿಚಾರವನ್ನು ಹಂಚುವ ಆರು ಬಣ್ಣದ ಟೊಪ್ಪಿಗೆಗಳು. ಇವುಗಳಲ್ಲಿ ಯಾವುದನ್ನೂ ಅವರು ಕಂಡುಹಿಡಿದಿರಲಿಲ್ಲ. ಟೊಪ್ಪಿಗೆಗಳನ್ನು ಊರಿನ ಟೇಲರ್ ಹತ್ತಿರ ಹೊಲಿಸಿದ್ದು ಮಾತ್ರ ಅವರದೇ ಕೆಲಸ. ನಿವೃತ್ತಿಯ ನಂತರ ಇದನ್ನೇ ಕಸುಬು ಮಾಡಿಕೊಂಡರು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳಲ್ಲಿ ಅವರ ಕಾರ್ಯಾಗಾರ ನಡೆಯದ ಸಭಾಭವನ ಕಡಿಮೆ.

ಬಗಲಲ್ಲಿ ಸುರುಳಿ ಸುತ್ತಿದ ಹಾಳೆಗಳು, ಹೆಗಲ ಚೀಲದಲ್ಲಿ ಸ್ಕೆಚ್ ಪೆನ್ನುಗಳು. ಪೆನ್ನಿನ ಮುಚ್ಚಳವನ್ನು ಟಕ್ಕೆಂದು ತೆಗೆಯುತ್ತಿದ್ದರು, ಟಕ್ಕೆಂದು ಹಾಕುತ್ತಿದ್ದರು. ಚಿತ್ರ ಮುಗಿದ ಮೇಲೆ ನಾಲ್ಕು ಹೆಜ್ಜೆ ಹಿಂದೆ ಸರಿದು, ಕತ್ತು ಓರೆ ಮಾಡಿ, ಹೆಣ್ಣು ನೋಡಲು ಹೋದವರ ಹಾಗೆ ಹಾಳೆಯನ್ನು ನೋಡುತ್ತಿದ್ದರು. ಆಮೇಲೆ ಪ್ರತಿ ಸಲ ಒಂದೇ ಮಾತು: “ಸಮಸ್ಯಾ ಹಾಳಿ ಮ್ಯಾಲ ಬಂತಂದ್ರ ಅರ್ಧಾ ಬಗೀಹರೀತು.” ಉಳಿದ ಅರ್ಧ ಏನಾಯಿತು ಎಂದು ಅವರು ಹಿಂತಿರುಗಿ ಕೇಳಿದ ಒಂದು ಪ್ರಸಂಗವೂ ನನ್ನ ನೆನಪಿನಲ್ಲಿಲ್ಲ.

ರಾಣೆಬೆನ್ನೂರಿನ ಒಂದು ಕಚೇರಿಯಲ್ಲಿ ಐದು ‘ಯಾಕೆ’ಗಳ ತರಬೇತಿ ನಡೆದ ದಿನ ನಾನು ಅಲ್ಲಿದ್ದೆ. ಮೂಲೆಯ ನಳ ಸೋರುತ್ತಿತ್ತು. ಅದನ್ನೇ ಉದಾಹರಣೆಗೆ ಎತ್ತಿಕೊಂಡು ಚಹಾ ತಂದ ಸಿಪಾಯಿಯನ್ನು ನಿಲ್ಲಿಸಿದರು.

“ನಳ ಸೋರಾಕತ್ತೈತಿ. ಯಾಕ?”

“ವಾಶರ್ ಹೋಗೈತ್ರಿ.”

“ವಾಶರ್ ಯಾಕ ಹೋತು?”

“ಹಳೇದ್ರಿ.”

“ಹಳೇದನ್ನ ಯಾಕ ಬದಲಿ ಮಾಡಿಲ್ಲ?”

“ಹೊಸದು ತರಾಕ ಸಾಹೇಬ್ರ ಸಹಿ ಬೇಕ್ರಿ.”

“ಸಹಿ ಯಾಕ ಆಗಿಲ್ಲ?”

“ಮುಂಜಾನಿಂದ ಸಾಹೇಬ್ರು ನಿಮ್ಮ ಮುಂದ ಕುಂತಾರಲ್ರಿ.”

ಸಭೆ ನಕ್ಕಿತು. ಅವರೂ ನಕ್ಕರು. “ನೋಡ್ರಿ, ನಾಕನೇ ‘ಯಾಕ’ಕ್ಕ ಮೂಲ ಕಾರಣ ಸಿಕ್ತು!” ಎಂದು ಹಾಳೆಯ ಕೆಳಗೆ ಅದನ್ನು ಬರೆದು ಕೆಂಪು ಪೆನ್ನಿನಿಂದ ಸುತ್ತು ಹಾಕಿದರು. ತರಬೇತಿ ಸಂಜೆಯವರೆಗೆ ಮುಂದುವರಿಯಿತು. ನಳವೂ ಮುಂದುವರಿಯಿತು.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರಸ್ಥರಿಗೆ ಮೀನಿನ ಮುಳ್ಳು ಬರೆದು ತೋರಿಸಿದರು. ಸೀಸನ್ನಿನ ದಿನಗಳು. ಗಾಡಿಗಳು ಸಾಲುಗಟ್ಟಿ ನಿಂತು ಮಾಲು ಇಳಿಯುವುದು ತಡವಾಗುತ್ತಿತ್ತು, ಅದರ ಕಾರಣ ಹುಡುಕಬೇಕಿತ್ತು. ಹೊರಗಿನ ಘಾಟಿಗೆ ಸಭೆಯ ಅರ್ಧ ಜನ ಸೀನುತ್ತಿದ್ದರು. ಇವರು ಮೀನಿನ ತಲೆ ಬರೆದು ಕಣ್ಣಿಡುತ್ತಿದ್ದಂತೆ ವಿಭೂತಿ ಧರಿಸಿದ ಹಿರಿಯ ವ್ಯಾಪಾರಿಯೊಬ್ಬರು ಮುಖ ಹಿಂಡಿದರು. “ಸರ್ರ, ಊಟದ ಹೊತ್ತಿನ್ಯಾಗ ಇದನ್ನ ಯಾಕ ತಗೀತೀರಿ?” ತಕ್ಷಣ ಹಾಳೆ ಬದಲಾಯಿತು. ತಲೆ ಬಾಲ ಹೋಗಿ, ಮುಳ್ಳುಗಳಿಗೆ ಹಸಿರು ಬಂದು, ಅದು ಬೇವಿನ ಎಲೆಯಾಯಿತು. ಅಂದಿನಿಂದ ಮೂರೂ ಊರುಗಳಲ್ಲಿ ಅದು ಬೇವಿನ ಎಲೆಯೇ. ಹೊರಗೆ ಬಂದಾಗ ಅದೇ ಹಿರಿಯರನ್ನು ಹೇಗಿತ್ತೆಂದು ಕೇಳಿದೆ. “ಇಷ್ಟ ದಿನಾ ನಮ್ಮ ತ್ರಾಸಿಗೆ ಬರೇ ಬೇರಿತ್ರಿ,” ಎಂದರು. “ಈಗ ಎಲಿನೂ ಚಿಗತು.”

ಈ ಭಾಗದವರಿಗೆ ದೇವರಗುಡ್ಡದ ಕಾರ್ಣಿಕ ಗೊತ್ತು. ವರ್ಷಕ್ಕೊಮ್ಮೆ ಗೊರವಯ್ಯ ಎತ್ತರದ ಬಿಲ್ಲೇರಿ ಭವಿಷ್ಯದ ಒಂದು ಮಾತು ನುಡಿಯುತ್ತಾನೆ, ಅದರಲ್ಲಿ ರೈತ ಮಳೆಯನ್ನೂ ರಾಜಕಾರಣಿ ಕುರ್ಚಿಯನ್ನೂ ಕಾಣುತ್ತಾರೆ. ಇವರ ಹಾಳೆಗಳದ್ದೂ ಅದೇ ಗುಣ. ಎಲ್ಲರಿಗೂ ತಮಗೆ ಬೇಕಾದದ್ದು ಕಾಣುತ್ತಿತ್ತು. ವ್ಯತ್ಯಾಸವಿಷ್ಟೆ: ಕಾರ್ಣಿಕ ಒಂದೇ ಮಾತಿಗೆ ಮುಗಿಯುತ್ತದೆ.

ಈಗ ಬಸ್ಸಿನ ವಿಷಯ.

ಕೆಲವು ವರ್ಷಗಳ ಹಿಂದಿನದು. ಕರ್ಜಗಿ ದಾಟಿ ಒಳಗೆ ಹೋದರೆ ಸಿಗುವ ಒಂದು ಹಳ್ಳಿಯಿಂದ ಸವಿತಾ ಎಂಬ ಹುಡುಗಿ ಹಾವೇರಿಯ ಕಾಲೇಜಿಗೆ ಬಿಎಸ್ಸಿ ಓದಲು ಬರುತ್ತಿದ್ದಳು. ಅದೇ ದಾರಿಯ ಇನ್ನೂ ಕೆಲವು ಹುಡುಗಿಯರಿದ್ದರು. ಅವರ ಊರಿಗೆ ಹೋಗುವ ಕೊನೆಯ ಬಸ್ಸು ಹಾವೇರಿಯಿಂದ ಸಂಜೆ ನಾಲ್ಕೂ ಮುಕ್ಕಾಲಿಗೆ ಹೊರಡುತ್ತಿತ್ತು. ಕೆಮಿಸ್ಟ್ರಿ ಪ್ರಾಕ್ಟಿಕಲ್ ಮುಗಿಯುತ್ತಿದ್ದುದು ಐದಕ್ಕೆ. ಬಸ್ಸು ಹಿಡಿದರೆ ಪ್ರಾಕ್ಟಿಕಲ್ ಅರ್ಧಕ್ಕೆ ಬಿಡಬೇಕು, ಅರ್ಧಕ್ಕೆ ಬಿಟ್ಟರೆ ಹಾಜರಿ ಇಲ್ಲ, ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಪ್ರಾಕ್ಟಿಕಲ್ ಮುಗಿಸಿದರೆ ಕರ್ಜಗಿಯವರೆಗೆ ಹೇಗೋ ಟಂಟಂ ಆಟೊ ಸಿಗುತ್ತಿತ್ತು, ಅಲ್ಲಿಂದ ಮುಂದೆ ಕತ್ತಲಲ್ಲಿ ಹೊಲದ ದಾರಿ. ಸವಿತಾಳ ತಂದೆ ರೈತರು, ಮಗಳು ಓದಲೆಂದು ಆಸೆಪಟ್ಟವರು. ಅವರು ನನಗೆ ಹೇಳಿದ್ದು ಹೀಗೆ: “ಓದಬ್ಯಾಡ ಅಂದಿಲ್ರಿ ನಾನು. ಕತ್ತಲಾದ ಮ್ಯಾಲ ಆ ಹಾದ್ಯಾಗ ಒಬ್ಬಾಕಿ ಹೆಂಗ ಬರತಾಳ ನೀವ ಹೇಳ್ರಿ. ಬಸ್ಸಾದ್ರ ಓದ್ಲಿ. ಇಲ್ಲಂದ್ರ ಈ ವರ್ಷಕ್ಕ ಸಾಕು.”

ಹುಡುಗಿಯರು ಪ್ರಾಂಶುಪಾಲರಿಗೆ ಮನವಿ ಕೊಟ್ಟರು. ಪ್ರಾಂಶುಪಾಲರು ಬಸ್ ಡಿಪೋದ ಅಧಿಕಾರಿಗೆ ಫೋನು ಮಾಡಬಹುದಿತ್ತು. ಆದರೆ ಕಾಲೇಜಿಗೆ ಮೌಲ್ಯಮಾಪನದ ತಂಡ ಬರುವುದಿತ್ತು, ತೋರಿಸಲು ಒಂದು ಕಾರ್ಯಕ್ರಮ ಬೇಕಿತ್ತು. ಅವರು ಫೋನು ಮಾಡಿದ್ದು ರಾಣೆಬೆನ್ನೂರಿಗೆ.

ಹೀಗೆ ‘ಗ್ರಾಮೀಣ ವಿದ್ಯಾರ್ಥಿನಿಯರ ಪ್ರಯಾಣ: ಸೃಜನಶೀಲ ಪರಿಹಾರ’ ಎಂಬ ಕಾರ್ಯಾಗಾರ ನಡೆಯಿತು. ವರದಿಗೆಂದು ನಾನು ಹೋಗಿದ್ದೆ. ಡಿಪೋದ ಅಧಿಕಾರಿಯನ್ನೂ ಕರೆಸಿದ್ದರು. ಹಸನ್ಮುಖಿ, ಸ್ವಲ್ಪ ದಪ್ಪಗಿನ ಮನುಷ್ಯ, ಕುರ್ಚಿಯ ತುದಿಯಲ್ಲಿ ಕುಳಿತಿದ್ದರು. ಸರ್ ಟೊಪ್ಪಿಗೆ ಹಂಚಿದರು. ನಿಯಮ ಸರಳ. ಬಿಳಿ ಟೊಪ್ಪಿಗೆಯವರು ಮಾಹಿತಿ ಮಾತ್ರ ಹೇಳಬೇಕು. ಕೆಂಪಿನವರು ಭಾವನೆ. ಹಳದಿಯವರು ಲಾಭ. ಕಪ್ಪಿನವರು ತೊಡಕು. ಹಸಿರಿನವರು ಹೊಸ ವಿಚಾರ. ನೀಲಿಯವರು ಸಭೆ ನಡೆಸಬೇಕು. ಬೇರೆ ಬಣ್ಣದ ಮಾತು ಆಡುವಂತಿಲ್ಲ.

ನೀಲಿಯನ್ನು ಅವರೇ ಹಾಕಿಕೊಂಡರು. ಸವಿತಾಳಿಗೆ ಕೆಂಪು ಬಂತು. ಹಸಿರು ಪ್ರಾಂಶುಪಾಲರಿಗೆ. ಡಿಪೋ ಅಧಿಕಾರಿಯ ತಲೆಗೆ ಕಪ್ಪು.

ಸವಿತಾ ಎದ್ದು ನಿಂತು, ಕೊನೆಯ ಬಸ್ಸು ಹೋದ ಮೇಲೆ ನಿಲ್ದಾಣದಲ್ಲಿ ನಿಂತರೆ ಎಷ್ಟು ಹೆದರಿಕೆಯಾಗುತ್ತದೆ ಎಂದು ಹೇಳಿದಳು. ಹೇಳುತ್ತ ಹೇಳುತ್ತ ಬಸ್ಸಿನ ಸಮಯಕ್ಕೆ ಬಂದಳು. ಸರ್ ಕೈ ಎತ್ತಿದರು. “ಟೈಮು ಮಾಹಿತಿ ಆತವ್ವಾ. ಅದು ಬಿಳಿ ಟೊಪಗಿ. ನೀ ಭಾವನಾ ಅಷ್ಟ ಹೇಳು.” ಅವಳು ಕುಳಿತಳು. ಎಲ್ಲರೂ ಚಪ್ಪಾಳೆ ತಟ್ಟಿದರು.

ಆಗ ಡಿಪೋ ಅಧಿಕಾರಿ ಎದ್ದರು. ಅವರ ಮಾತನ್ನು ನಾನು ಅಲ್ಲೇ ಬರೆದುಕೊಂಡಿದ್ದೆ.

“ಇದಕ್ಯಾಕ ಇಷ್ಟೆಲ್ಲಾ ಸರ್ರ? ಅದು ವಸ್ತಿ ಬಸ್ಸು. ಊರಿಗೆ ಹೋಗಿ ರಾತ್ರಿ ಅಲ್ಲೇ ನಿಲ್ಲತೈತಿ, ಮುಂಜಾನಿ ತಿರುಗಿ ಬರತೈತಿ. ಪೌಣೆ ಐದಕ್ಕ ಹೋದ್ರೇನು, ಐದೂವರಿಗೆ ಹೋದ್ರೇನು? ಕಾಲೇಜಿಂದ ಒಂದು ಅರ್ಜಿ ಕೊಡ್ರಿ, ನಾಳಿಂದನ...”

“ಸಾಹೇಬ್ರ, ಸಾಹೇಬ್ರ!” ಸರ್ ನಗುತ್ತ ಹತ್ತಿರ ಹೋದರು. “ನಿಮ್ಮ ತಲಿ ಮ್ಯಾಲ ಯಾವ ಬಣ್ಣ ಐತ್ರಿ?”

ಅಧಿಕಾರಿ ಟೊಪ್ಪಿಗೆ ತೆಗೆದು ನೋಡಿದರು. “ಕರೇದು.”

“ಕರೇ ಟೊಪಗಿ ಪರಿಹಾರ ಹೇಳಂಗಿಲ್ರಿ. ನೀವು ತೊಡಕು ಹೇಳಬೇಕು.”

“ತೊಡಕ ಇಲ್ಲಲ್ರಿ.”

“ಇರತಾವ್ರಿ. ವಿಚಾರ ಮಾಡ್ರಿ.”

ಸಭೆ ಗೊಳ್ಳೆಂದು ನಕ್ಕಿತು. ಅಧಿಕಾರಿ ಒಳ್ಳೆಯ ಮನುಷ್ಯ, ಆಟ ಕೆಡಿಸುವುದು ಬೇಡವೆಂದು ಟೊಪ್ಪಿಗೆ ಮತ್ತೆ ಹಾಕಿಕೊಂಡು ವಿಚಾರ ಮಾಡಿದರು. ಡ್ರೈವರನ ಡ್ಯೂಟಿ ಸಮಯ ಹೆಚ್ಚಾದೀತು ಎಂದರು. ಸರ್ ಅದನ್ನು ಕಪ್ಪು ಪೆನ್ನಿನಿಂದ ಬರೆದರು. “ಭಾಳ ಚಂದ. ಮತ್ತ?” ವೇಳಾಪಟ್ಟಿ ಬದಲಿಸಲು ಮೇಲಿನ ಕಚೇರಿಯ ಒಪ್ಪಿಗೆ ಬೇಕಾದೀತು. “ಮತ್ತ?” ಇವರಿಗೆ ಮಾಡಿದರೆ ಅಗಡಿ ಊರಿನವರೂ ಕೇಳಿಯಾರು. “ಆಹಾ! ಮತ್ತ?” ಮಳೆಗಾಲದಲ್ಲಿ ಕತ್ತಲಾದ ಮೇಲೆ ಆ ರಸ್ತೆ ಬಸ್ಸಿಗೆ ಸರಿಯಲ್ಲ. ಒಂದೊಂದು ತೊಡಕಿಗೂ ಶಹಬ್ಬಾಸ್‌ಗಿರಿ ಸಿಕ್ಕಿತು. ಹತ್ತಿರದ ಸಾಲಿನಲ್ಲಿ ಸವಿತಾ ಕೆಂಪು ಟೊಪ್ಪಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಆ ಹಾಳೆ ತುಂಬುವುದನ್ನು ನೋಡುತ್ತಿದ್ದಳು.

ಹಸಿರು ಟೊಪ್ಪಿಗೆಯ ಪ್ರಾಂಶುಪಾಲರು ಮೊಬೈಲ್ ಆ್ಯಪ್, ಸೈಕಲ್ ಬ್ಯಾಂಕ್ ಮತ್ತು ಸಮೀಕ್ಷೆಯ ವಿಚಾರ ಹೇಳಿದರು. ಡಿಪೋ ಅಧಿಕಾರಿ ಇನ್ನೊಮ್ಮೆ ಎದ್ದು, “ಈಗ ಟೊಪಗಿ ತಗೀಲೇನ್ರಿ?” ಎಂದು ಕೇಳಿದರು. “ತಡೀರಿ, ನೀಲಿ ಟೊಪಗಿ ಸಭಾ ಮುಗಿಸಬೇಕು,” ಎಂಬ ಉತ್ತರ ಬಂತು. ಅಷ್ಟರಲ್ಲಿ ಅಧಿಕಾರಿಗೆ ಫೋನು ಬಂತು. ಎಲ್ಲೋ ಬಸ್ಸು ಕೆಟ್ಟು ನಿಂತಿತ್ತು. ಟೊಪ್ಪಿಗೆಯನ್ನು ಕುರ್ಚಿಯ ಮೇಲಿಟ್ಟು ಹೋದರು.

ಸರ್ ಹಾಳೆಗಳನ್ನು ಸುತ್ತಿಕೊಂಡು ಹೋಗಿ ಒಂದು ವರದಿ ತಯಾರಿಸಿದರು. ಅವರು ಮಾಡುತ್ತಿದ್ದ ಎಲ್ಲವೂ ಅಚ್ಚುಕಟ್ಟು. ಭಾವನೆಯ ಪುಟದಲ್ಲಿ ಸವಿತಾಳ ಫೋಟೊ. ತೊಡಕಿನ ಪುಟದಲ್ಲಿ ಡಿಪೋ ಅಧಿಕಾರಿಯ ಹೆಸರು, ಹುದ್ದೆ, ಅವರು ಹೇಳಿದ ಪ್ರತಿಯೊಂದು ತೊಡಕು. ಅಧಿಕಾರಿ ಮೊದಲು ಹೇಳಿದ ಮಾತು ಯಾವ ಪುಟದಲ್ಲೂ ಇರಲಿಲ್ಲ, ಏಕೆಂದರೆ ಅದು ನಿಯಮದ ಪ್ರಕಾರ ಆಡಿದ ಮಾತಾಗಿರಲಿಲ್ಲ. ವರದಿಯ ಪ್ರತಿಗಳು ಕಾಲೇಜಿಗೂ ಸಾರಿಗೆಯವರ ಮೇಲಿನ ಕಚೇರಿಗೂ ಹೋದವು.

ಒಂದು ವಾರದ ಮೇಲೆ ಸವಿತಾ ತಂದೆಯೊಂದಿಗೆ ಡಿಪೋಕ್ಕೆ ಹೋದಳು. ಅವಳ ತಂದೆ ಕರೆದರೆಂದು ನಾನೂ ಹೋಗಿದ್ದೆ. ಅಧಿಕಾರಿ ಕುರ್ಚಿ ಕೊಟ್ಟರು, ಚಹಾ ತರಿಸಿದರು, ಬಹಳ ಹೊತ್ತು ಮೇಜಿನ ಗಾಜನ್ನು ಒರೆಸುತ್ತಿದ್ದರು.

“ತಂಗಿ, ನಾನ ಎಲ್ಲಾರ ಮುಂದ ಇಷ್ಟು ತೊಡಕ ಅದಾವ ಅಂತ ಹೇಳೀನಿ. ನನ್ನ ಹೆಸರ ಹಾಕಿ ಮ್ಯಾಲಿನವರಿಗೆ ಕಳಿಸ್ಯಾರ. ‘ನಿಮ್ಮ ಅಭಿಪ್ರಾಯ ನೋಡೇವಿ, ಇದನ್ನ ಇಲ್ಲಿಗೆ ಬಿಡ್ರಿ’ ಅಂತ ಅಲ್ಲಿಂದ ಬಂತು. ಈಗ ತಿರುಗಿ ನಾನ ತೊಡಕ ಇಲ್ಲ ಅಂತ ಹೆಂಗ ಬರೀಲಿ?”

“ಅದು ಆಟದಾಗ ಹೇಳಿದ್ದಲ್ರೀ?” ಎಂದಳು ಸವಿತಾ.

“ಆಟ ಅಂತ ಹಾಳ್ಯಾಗ ಬರದಿಲ್ಲವ್ವಾ.”

ಅಧಿಕಾರಿ ಒಂದು ದಾರಿಯನ್ನೂ ಹೇಳಿದರು. ಆ ಮಾತುಗಳನ್ನು ತರಬೇತಿಯ ಭಾಗವಾಗಿ ಹೇಳಿಸಲಾಯಿತು, ಅವು ಅಧಿಕಾರಿಯ ನಿಜವಾದ ಅಭಿಪ್ರಾಯವಲ್ಲ ಎಂದು ಸರ್ ಎರಡು ಸಾಲು ಬರೆದುಕೊಟ್ಟರೆ ಸಾಕು. ಉಳಿದದ್ದನ್ನು ತಾವು ನೋಡಿಕೊಳ್ಳುವುದಾಗಿ ಹೇಳಿದರು.

ಮರುದಿನ ಸವಿತಾಳ ತಂದೆ ಮತ್ತು ನಾನು ರಾಣೆಬೆನ್ನೂರಿಗೆ ಹೋದೆವು. ಸರ್ ಆದರದಿಂದ ಕೂರಿಸಿದರು. ಅವರ ಮನೆಯ ಗೋಡೆಯ ಮೇಲೆ ಒಂದೂ ಚಿತ್ರ ಇರಲಿಲ್ಲ. ಹಾಳೆಗಳು ಅಡುಗೆಮನೆಯಲ್ಲಿದ್ದವು, ಕಪಾಟಿನ ಅರೆಗಳಿಗೆ ಹಾಸಿ, ಮೇಲೆ ಖಾರದಪುಡಿಯ, ಬೇಳೆಯ ಡಬ್ಬಿ ಇಟ್ಟಿದ್ದರು. ನಾನು ನೋಡುತ್ತಿರುವುದನ್ನು ಕಂಡು ಅವರ ಪತ್ನಿ, “ದಪ್ಪ ಹಾಳೀರಿ, ಎಣ್ಣಿ ಇಳಿಯಂಗಿಲ್ಲ,” ಎಂದರು. ಮನೆಯ ತೊಂದರೆಗಳನ್ನೂ ಹೀಗೇ ಚಿತ್ರ ಬರೆದು ಬಿಡಿಸುತ್ತಾರೆಯೇ ಎಂದು ಕೇಳಿದೆ. “ಎಲ್ಲೀದ್ರಿ. ಮನ್ಯಾಗ ಏನರ ಆದ್ರ ನನ್ನ ತಮ್ಮಗ ಫೋನ್ ಹಚ್ಚತಾರ. ಅವ ಬಂದು ಮಾಡಿ ಹೊಕ್ಕಾನ.”

ಸವಿತಾಳ ತಂದೆ ವಿಷಯ ಹೇಳಿದರು. ಸರ್ ಪೂರ್ತಿ ಕೇಳಿಸಿಕೊಂಡರು, ತಲೆದೂಗಿದರು, ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು.

“ಹಂಗ ಬರದುಕೊಟ್ರ ವಿಧಾನದ ಮ್ಯಾಲಿನ ವಿಶ್ವಾಸ ಹೊಕ್ಕೈತ್ರಿ,” ಎಂದರು. “ನಾಳೆ ಕರೇ ಟೊಪಗಿ ಹಾಕ್ಕೊಂಡವರು ಎಲ್ಲಾರೂ ನಾ ಹೇಳಿದ್ದು ಖರೇ ಅಲ್ಲ ಅಂತಾರ.”

“ನನ್ನ ಮಗಳ ಓದು ನಿಲ್ಲತೈತ್ರೀ ಸರ್ರ.”

“ನನಗೂ ಕೆಟ್ಟ ಅನಸತೈತಿ. ಆದ್ರ ಪ್ರಕ್ರಿಯಾ ಸರಿ ಇತ್ತು. ಫಲಿತಾಂಶ ನಮ್ಮ ಕೈಯಾಗಿಲ್ಲ.” ಆಮೇಲೆ ನನ್ನ ಕಡೆ ತಿರುಗಿದರು. “ಫೋಟೊ ಚಲೋ ಬಂದಾವ. ನಿಮಗ ಬೇಕಾದ್ರ ಕಳಸ್ತೀನಿ.”

ಸವಿತಾಳ ತಂದೆ ಎದ್ದು ಚಪ್ಪಲಿ ಮೆಟ್ಟಿಕೊಂಡರು. ಹಾವೇರಿ ಹತ್ತಿರ ಬಂದಾಗ ಒಂದೇ ಮಾತು ಕೇಳಿದರು: “ಆ ಮನಶಾ ಬರಿಯಾಕ ಬರಲಾರದವನೇನ್ರಿ?”

ಸವಿತಾ ಆ ವರ್ಷ ಕಾಲೇಜು ಬಿಟ್ಟಳು. ಉಳಿದ ಹುಡುಗಿಯರಲ್ಲಿ ಇಬ್ಬರು ಪ್ರಾಕ್ಟಿಕಲ್ ಇಲ್ಲದ ಕೋರ್ಸಿಗೆ ಬದಲಾದರು. ಡಿಪೋ ಅಧಿಕಾರಿಗೆ ಬೇರೆ ಜಿಲ್ಲೆಗೆ ವರ್ಗವಾಯಿತು. ಮೌಲ್ಯಮಾಪನದ ತಂಡ ಬಂದು ಹೋಯಿತು. ಅವರಿಗೆ ಕಾರ್ಯಾಗಾರದ ವರದಿ ತೋರಿಸಿದೆವೆಂದು ಪ್ರಾಂಶುಪಾಲರೇ ಹೇಳಿದರು.

ಇದಾದ ಮೇಲೆ ಸರ್ ಆ ಬಸ್ಸನ್ನು ಬಿಡಲಿಲ್ಲ. ‘ಕರ್ಜಗಿ ಬಸ್ಸು’ ಅವರ ಮೆಚ್ಚಿನ ಉದಾಹರಣೆಯಾಯಿತು. ಅಗಡಿಯಲ್ಲಿ ಶಿಕ್ಷಕರಿಗೆ, ಬ್ಯಾಡಗಿಯಲ್ಲಿ ಸಹಕಾರಿ ಸಂಘದವರಿಗೆ, ರಾಣೆಬೆನ್ನೂರಿನಲ್ಲಿ ಬ್ಯಾಂಕಿನವರಿಗೆ ಅದನ್ನೇ ಬರೆದು ತೋರಿಸಿದರು. ನಡುವಿನ ವೃತ್ತದಲ್ಲಿ ಪುಟ್ಟ ಬಸ್ಸು, ಸುತ್ತಲೂ ಆರು ಬಣ್ಣದ ಕೊಂಬೆ. ಒಂದು ಸಲ ನಾನು ಸಭೆಯ ಹಿಂದೆ ನಿಂತು ಕೇಳಿದೆ. ಕೆಂಪು ಕೊಂಬೆಗೆ ಬಂದಾಗ ದನಿ ತಗ್ಗಿಸಿ, “ಆ ಹುಡುಗಿ ಕಣ್ಣಾಗ ನೀರಿತ್ತು,” ಎಂದರು. ನೀರಿರಲಿಲ್ಲ. ಅವಳು ಬಸ್ಸಿನ ಸಮಯ ಹೇಳಲು ಹೋಗಿದ್ದಳು. ಕೊನೆಗೆ ಸಭಿಕರೊಬ್ಬರು, “ಬಸ್ ಆತೇನ್ರಿ?” ಎಂದು ಕೇಳಿದರು. ಸರ್ ನಕ್ಕು, “ಮುಖ್ಯ ಏನಂದ್ರ, ನಾವು ವಿಚಾರ ಮಾಡೋದು ಕಲತ್ವಿ,” ಎಂದರು. ಪ್ರಶ್ನೆ ಕೇಳಿದವರೂ ಚಪ್ಪಾಳೆಗೆ ಸೇರಿಕೊಂಡರು.

ಆ ಬಸ್ಸು ಶ್ರದ್ಧಾಂಜಲಿ ಸಭೆಗೂ ಬಂತು. ಶಿಷ್ಯರೊಬ್ಬರು ಸರ್ ಅವರ ಸಾಧನೆಗಳನ್ನು ಓದಿದರು. “ಕರ್ಜಗಿ ಕಡೆಯ ಬಸ್ಸು ಇಂದು ಸಂಜೆ ಐದೂವರೆಗೆ ಹೊರಡುತ್ತಿದ್ದರೆ, ಅದರ ಹಿಂದೆ ಸರ್ ಅವರ ದೂರದೃಷ್ಟಿ ಇದೆ,” ಎಂದರು. ಈ ಸಮಯದ ಬದಲಾವಣೆ ನನಗೆ ಗೊತ್ತಿರಲಿಲ್ಲ. ಮರುದಿನ ಡಿಪೋಕ್ಕೆ ಫೋನು ಮಾಡಿದೆ. ಈಗಿನ ಅಧಿಕಾರಿ ಸರ್ ಅವರ ಹೆಸರನ್ನೇ ಕೇಳಿರಲಿಲ್ಲ.

“ಹೌದ್ರಿ, ಹೋದ ವರ್ಷದಿಂದ ಐದೂವರಿಗೆ ಬಿಡಾಕತ್ತೇವಿ,” ಎಂದರು. “ಆ ಗಾಡಿ ಡ್ರೈವರನ ಮಗಳ ಟ್ಯೂಷನ್ ಐದಕ್ಕ ಬಿಡತೈತಿ. ಆಕಿನ್ನ ಮನಿ ಮುಟ್ಟಿಸಿ ಹೊಂಡತೀನ್ರಿ ಅಂದ. ಆತು ಅಂದೆ.”

“ಮೇಲಿನ ಕಚೇರಿಯಿಂದ ಏನೂ ತೊಡಕಾಗಲಿಲ್ಲವೇ?”

“ಯಾಕ ಆಕ್ಕೈತ್ರಿ? ವಸ್ತಿ ಗಾಡಿ ಅಲ್ರೀ ಅದು.”

ಮೊನ್ನೆ ಸಂಜೆ ಹಾವೇರಿ ನಿಲ್ದಾಣಕ್ಕೆ ಹೋಗಿ ನೋಡಿದೆ. ಬಸ್ಸು ಐದೂವರೆಗೇ ಹೊರಟಿತು. ಸವಿತಾ ಅದರಲ್ಲಿದ್ದಳು. ಈಗ ಅವಳು ಕಾಲೇಜಿನ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಪ್ರಾಕ್ಟಿಕಲ್ ಮುಗಿಸಿ ಬಂದ ಹುಡುಗಿಯರಿಗೆ ಒಳಗೆ ಸರಿದು ಜಾಗ ಮಾಡಿಕೊಟ್ಟಳು.